ಕೆಲಸವಿಲ್ಲದ ಕೈಗೆ ಸೇವೆಯ ಮದ್ದು

“ಡಾಕ್ಟ್ರೇ, ರಾತ್ರಿ ಎರಡು ಗಂಟೆಯಾದರೂ ನಿದ್ದೆ ಹತ್ತುವುದಿಲ್ಲ. ಎದೆ ಸುಮ್ಮಸುಮ್ಮನೆ ಡವಡವ ಎನ್ನುತ್ತದೆ. ಊಟ ಮಾಡಿದರೆ ಹೊಟ್ಟೆ ಉರಿ, ಬಿಟ್ಟರೆ ತಲೆನೋವು. ಒಂದು ಟಾನಿಕ್ ಬರೆದುಕೊಡಿ.”

ಇಪ್ಪತ್ತರಿಂದ ಮೂವತ್ತು ವರ್ಷದೊಳಗಿನ ತರುಣರು ಇಂಥ ದೂರುಗಳನ್ನು ಹೊತ್ತು ಬರುವುದು ಯಾವ ವೈದ್ಯನಿಗೂ ಹೊಸದಲ್ಲ. ಪರೀಕ್ಷಿಸಿದರೆ ರಕ್ತದೊತ್ತಡ ಸರಿಯಾಗಿರುತ್ತದೆ. ಇ.ಸಿ.ಜಿ. ಸರಿಯಾಗಿರುತ್ತದೆ. ಹಿಮೋಗ್ಲೋಬಿನ್ ಸಾಕಷ್ಟಿರುತ್ತದೆ, ಥೈರಾಯ್ಡ್ ಗ್ರಂಥಿಯಲ್ಲೂ ದೋಷವಿರುವುದಿಲ್ಲ. “ಏನು ಕೆಲಸ ಮಾಡುತ್ತಿದ್ದೀರಿ?” ಎಂದು ಕೇಳಿದಾಗ ಮಾತ್ರ ಹುಡುಗ ತಲೆ ತಗ್ಗಿಸುತ್ತಾನೆ. ಉತ್ತರ ಬರುವುದು ಜೊತೆಯಲ್ಲಿ ಬಂದ ತಾಯಿಯಿಂದ: “ಡಿಗ್ರಿ ಮುಗಿಸಿ ಎರಡು ವರ್ಷವಾಯಿತು ಸಾರ್, ಮನೆಯಲ್ಲೇ ಇದ್ದಾನೆ.”

ಈ ರೋಗಕ್ಕೆ ಟಾನಿಕ್ ಇಲ್ಲ. ಆದರೆ ಮದ್ದೇ ಇಲ್ಲವೆಂದಲ್ಲ. ಈ ವಾರ ಅದರ ಬಗ್ಗೆ ತಿಳಿದುಕೊಳ್ಳೋಣ.

ನಿರುದ್ಯೋಗವೂ ಆರೋಗ್ಯದ ಸಮಸ್ಯೆ

ಕೆಲಸ ಕಳೆದುಕೊಂಡವನಿಗೆ ಹಣದ ಕೊರತೆಯೊಂದೇ ಕಷ್ಟವೆಂದು ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ. ಆಸ್ಟ್ರಿಯಾ ದೇಶದ ಮರಿಯೆನ್‌ತಾಲ್ ಎಂಬ ಹಳ್ಳಿಯಲ್ಲಿ ಇಡೀ ಊರಿಗೆ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ ಸುಮಾರು 1930ರ ಹೊತ್ತಿಗೆ ಮುಚ್ಚಿಹೋಯಿತು. ಮರೀ ಯಹೋಡಾ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಆ ಊರಿಗೆ ಹೋಗಿ ಜನಜೀವನವನ್ನು ಹತ್ತಿರದಿಂದ ನೋಡಿ 1933ರಲ್ಲಿ ವರದಿ ಪ್ರಕಟಿಸಿದರು.

ಅವರು ಕಂಡದ್ದು ಸೋಜಿಗದ ಸಂಗತಿ. ಜನರಿಗೆ ಈಗ ಬೇಕಾದಷ್ಟು ಸಮಯವಿತ್ತು. ಆದರೆ ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಎರಡೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು. ಪುಸ್ತಕಕ್ಕೆ ಶುಲ್ಕವನ್ನೂ ತೆಗೆದುಹಾಕಿದ್ದರು, ಆದರೂ ಓದುವವರಿಲ್ಲ! ಗಂಡಸರ ನಡಿಗೆ ನಿಧಾನವಾಗಿತ್ತು. ಬೀದಿಯಲ್ಲಿ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಮಾಡಿದಿರೆಂದು ಕೇಳಿದರೆ ಅವರಿಗೆ ನೆನಪೇ ಇರುತ್ತಿರಲಿಲ್ಲ. ಹೆಂಗಸರಿಗೆ ಮಾತ್ರ ಒಲೆ, ಮಕ್ಕಳು, ಬಟ್ಟೆಬರೆ ಎಂದು ಕೈತುಂಬ ಕೆಲಸವಿತ್ತು. ಅವರ ಹೆಜ್ಜೆ ಚುರುಕಾಗಿಯೇ ಇತ್ತು.

ಯಹೋಡಾ ಅವರು ಮುಂದೆ ಇದನ್ನೇ ವಿಸ್ತರಿಸಿ, ಸಂಬಳದ ಜೊತೆಗೆ ಉದ್ಯೋಗ ನಮಗೆ ಕೊಡುವ ಐದು ಸಂಗತಿಗಳನ್ನು ಹೇಳಿದರು. ದಿನಕ್ಕೊಂದು ವೇಳಾಪಟ್ಟಿ, ಮನೆಯಾಚೆಯ ಜನರ ಒಡನಾಟ, ನಾಲ್ಕು ಜನರೊಡನೆ ಸೇರಿ ಒಂದು ಗುರಿ, ಸಮಾಜದಲ್ಲಿ ಒಂದು ಸ್ಥಾನಮಾನ, ಮೈಮನಸ್ಸಿಗೆ ಕಡ್ಡಾಯದ ಚಟುವಟಿಕೆ. ಕೆಲಸ ಹೋದಾಗ ಸಂಬಳದ ಜೊತೆ ಈ ಐದೂ ಹೋಗುತ್ತವೆ. ಅಪ್ಪನ ಪಿಂಚಣಿಯಲ್ಲೋ ಅಣ್ಣನ ಸಂಪಾದನೆಯಲ್ಲೋ ಹೊಟ್ಟೆ ತುಂಬುತ್ತಿದ್ದರೂ ಮನಸ್ಸು ಬಡವಾಗುವುದು ಇದರಿಂದಲೇ.

ದೇಹದಲ್ಲಿ ಏನಾಗುತ್ತದೆ?

ಏಳಲು ಕಾರಣವಿಲ್ಲದವನು ತಡವಾಗಿ ಏಳುತ್ತಾನೆ. ಬೆಳಗಿನ ಬಿಸಿಲು ಕಣ್ಣಿಗೆ ಬೀಳದಿದ್ದರೆ ದೇಹದ ಒಳಗಡಿಯಾರ ಹಿಂದೆ ಬೀಳುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ. ನಿದ್ದೆ ಬಾರದವನ ಕೈಯಲ್ಲಿ ಮೊಬೈಲ್. ಮಧ್ಯರಾತ್ರಿಯವರೆಗೆ ಅದರ ಬೆಳಕು. ಮರುದಿನ ಹನ್ನೊಂದಕ್ಕೆ ಬೆಳಗು. ಹೊತ್ತುಹೊತ್ತಿಗೆ ಊಟವಿಲ್ಲ, ಬದಲಿಗೆ ನಾಲ್ಕಾರು ಲೋಟ ಕಾಫಿ, ಒಂದೆರಡು ಸಿಗರೇಟು. ಹೊಟ್ಟೆಯಲ್ಲಿ ಆಮ್ಲ ಉರಿಯದೆ ಇನ್ನೇನಾದೀತು?

ಇದರ ಮೇಲೆ ನಿರಂತರ ಆತಂಕ. ಆತಂಕದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚು ಸುರಿಯುತ್ತವೆ. ಹುಲಿ ಎದುರಾದಾಗ ಓಡಲು ಇವು ಬೇಕು. ಆದರೆ ತಿಂಗಳುಗಟ್ಟಲೆ ಹುಲಿ ಎದುರಿಗೇ ನಿಂತಂತಾದರೆ ಎದೆಬಡಿತ, ಕೈನಡುಕ, ಮೈಕೈ ನೋವು, ಮರೆವು, ಸಿಡುಕು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಲ್ಲಿ ಅವು ಹತೋಟಿ ತಪ್ಪುತ್ತವೆ. ಕೊನೆಗೆ ಸಂಜೆಯ ಬೇಸರ ಕಳೆಯಲು ಮದ್ಯ ಬಂದು ಕೂರುತ್ತದೆ. ಒಮ್ಮೆ ಕೂತರೆ ಅದು ಸುಲಭವಾಗಿ ಏಳುವ ಅತಿಥಿಯಲ್ಲ.

ನಮ್ಮ ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರದ ಕಡೆ ಇನ್ನೊಂದು ಕಾರಣವೂ ಇದೆ. ಕಾಫಿಯ ಕೆಲಸ ಋತುವಿಗೆ ಕಟ್ಟುಬಿದ್ದದ್ದು. ಅರೇಬಿಕಾ, ರೋಬಸ್ಟಾ ಕೊಯ್ಲಿನ ತಿಂಗಳುಗಳಲ್ಲಿ ಆಳು ಸಿಗುವುದಿಲ್ಲ. ಜಡಿಮಳೆಯಲ್ಲಿ ಅನೇಕರಿಗೆ ಕೆಲಸ ಸಿಗುವುದಿಲ್ಲ. ಓದಿದ ಮಕ್ಕಳಿಗೆ ತೋಟದ ಕೆಲಸ ಒಗ್ಗುವುದಿಲ್ಲ, ಬೆಂಗಳೂರಿನ ಕೆಲಸ ಕೈಗೆ ಸಿಗುವುದಿಲ್ಲ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಕೊಡಗಿನ ಎಷ್ಟೋ ಕುಟುಂಬಗಳು ತೋಟವನ್ನೇ ಕಳೆದುಕೊಂಡವು. 2019ರಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ ಕಡೆಯ ಮನೆಗಳಿಗೆ ನುಗ್ಗಿದಳು. ಹೀಗೆ ದಿಢೀರನೆ ಕೈ ಖಾಲಿಯಾದವರ ಆಘಾತ ಇನ್ನೂ ಆಳವಾದದ್ದು.

ಕೆಲಸವಿಲ್ಲದ ಯೋಧ ದಾದಿಯಾದ ಕಥೆ

ಪಾಲಿಬೆಟ್ಟದಲ್ಲಿ ಚೆಶೈರ್ ಹೋಮ್ಸ್ ಇಂಡಿಯಾದ ಕೊಡಗು ಘಟಕ ವಿಶೇಷ ಚೇತನ ಮಕ್ಕಳಿಗಾಗಿ ಶಾಲೆಯೊಂದನ್ನು ನಡೆಸುತ್ತಿರುವುದು ನಮ್ಮ ಕಡೆಯ ಓದುಗರಿಗೆ ಗೊತ್ತು. ಆ ಹೆಸರಿನ ಹಿಂದಿರುವ ಮನುಷ್ಯನ ಕಥೆ ಗೊತ್ತಿರುವವರು ಕಡಿಮೆ. ನಮ್ಮ ಇಂದಿನ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಲೆನಾರ್ಡ್ ಚೆಶೈರ್ ಬ್ರಿಟನ್ನಿನ ವಾಯುಪಡೆಯ ಪೈಲಟ್. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ 1944ರಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವರು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದಾಗ ಬ್ರಿಟನ್ನಿನ ವೀಕ್ಷಕರಾಗಿ ವಿಮಾನದಲ್ಲಿದ್ದು ಅದನ್ನು ಕಣ್ಣಾರೆ ಕಂಡವರು. ಯುದ್ಧ ಮುಗಿಯಿತು, ಸೇನೆಯಿಂದ ಹೊರಬಂದರು. ಮುಂದೇನು?

ತನ್ನಂತೆಯೇ ನಾಗರಿಕ ಬದುಕಿಗೆ ಹೊಂದಿಕೊಳ್ಳಲಾಗದೆ ಒದ್ದಾಡುತ್ತಿದ್ದ ಮಾಜಿ ಸೈನಿಕರನ್ನು ಅವರು ಒಟ್ಟುಗೂಡಿಸಿದರು. ಎಲ್ಲರೂ ಒಂದೇ ಕಡೆ ಇದ್ದು, ಬೇಸಾಯ, ಕೈಕಸುಬು ಕಲಿತು, ಒಬ್ಬರಿಗೊಬ್ಬರು ನೆರವಾಗಿ ಹೊಸ ಬದುಕು ಕಟ್ಟಿಕೊಳ್ಳಬೇಕೆಂಬುದು ಯೋಜನೆ. ಅದು ನಿಲ್ಲಲಿಲ್ಲ. ಸಾಲ ಏರಿತು, ಜನ ಚದುರಿದರು. ಹ್ಯಾಂಪ್‌ಶೈರಿನ ಲೆ ಕೋರ್ಟ್ ಎಂಬ ದೊಡ್ಡ ಮನೆಯೊಂದು ಮಾತ್ರ ಅವರ ಕೈಯಲ್ಲಿ ಉಳಿಯಿತು.

1948ರಲ್ಲಿ ಆಸ್ಪತ್ರೆಯೊಂದರಿಂದ ಕರೆ ಬಂತು. ಹಿಂದೆ ಅದೇ ತಂಡದಲ್ಲಿದ್ದ ಆರ್ಥರ್ ಡೈಕ್ಸ್ ಎಂಬವರಿಗೆ ಕ್ಯಾನ್ಸರ್. ಚಿಕಿತ್ಸೆಯ ಹಂತ ದಾಟಿದೆ, ಹೋಗಲು ಮನೆಯಿಲ್ಲ. ಚೆಶೈರ್ ಅವರನ್ನು ಲೆ ಕೋರ್ಟ್‌ಗೆ ಕರೆತಂದರು. ಶುಶ್ರೂಷೆಯ ಗಂಧಗಾಳಿ ಇಲ್ಲದ ಆ ಯೋಧ ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಮಲಪಾತ್ರೆ ತೊಳೆಯುವುದು ಎಲ್ಲವನ್ನೂ ಮಾಡುತ್ತಲೇ ಕಲಿತರು. ಡೈಕ್ಸ್ ಅದೇ ವರ್ಷ ತೀರಿಕೊಂಡರು. ಅಷ್ಟರಲ್ಲಿ ಇನ್ನೊಬ್ಬ ರೋಗಿ, ಮತ್ತೊಬ್ಬ ರೋಗಿ ಎಂದು ಬರತೊಡಗಿದ್ದರು. ನೆರವಿಗೆ ಸುತ್ತಲಿನ ಜನ ಬಂದರು. ನಡೆದಾಡಬಲ್ಲ ರೋಗಿಗಳೇ ನಡೆದಾಡಲಾಗದವರನ್ನು ನೋಡಿಕೊಂಡರು. ಆ ವರ್ಷದ ಕೊನೆಗೆ ಚೆಶೈರ್ ಕ್ಯಾಥೊಲಿಕ್ ಕ್ರೈಸ್ತ ಮತ ಸ್ವೀಕರಿಸಿದರು. ಅವರ ಸೇವೆಗೆ ಪ್ರೇರಣೆ ಆ ಶ್ರದ್ಧೆಯೇ. ಆದರೆ ಅವರು ಕಟ್ಟಿದ ಮನೆಗಳ ಬಾಗಿಲು ಎಲ್ಲ ಮತದವರಿಗೂ ತೆರೆದೇ ಇತ್ತು.

1950ರ ದಶಕದಲ್ಲಿ ಅವರು ಭಾರತಕ್ಕೆ ಬಂದು ಮೊದಲು ಮುಂಬಯಿಯಲ್ಲಿ, ಆಮೇಲೆ ಬೇರೆ ಊರುಗಳಲ್ಲಿ ಇಂಥ ಮನೆಗಳನ್ನು ಆರಂಭಿಸಿದರು. ಬೆಂಗಳೂರಿನಲ್ಲೂ ಒಂದಿದೆ. 1992ರಲ್ಲಿ ಅವರು ತೀರಿಕೊಂಡರು. ಅವರ ಕೆಲಸದ ಒಂದು ಕೊಂಬೆ ನಮ್ಮ ಕಾಫಿ ತೋಟಗಳ ನಡುವಿನ ಪಾಲಿಬೆಟ್ಟದವರೆಗೆ ಚಾಚಿದೆ.

ಗಮನಿಸಿ: ಕೆಲಸವಿಲ್ಲದವರಿಗೆ ಕೆಲಸ ಕೊಡುತ್ತೇನೆಂದು ಹೊರಟಾಗ ಚೆಶೈರ್ ಸೋತರು. ಒಬ್ಬ ರೋಗಿಯ ಪಕ್ಕ ಕುಳಿತಾಗ ಅವರಿಗೂ ಕೆಲಸ ಸಿಕ್ಕಿತು, ಸಾವಿರಾರು ಜನರಿಗೂ ಸಿಕ್ಕಿತು.

ನಮ್ಮ ನೆಲಕ್ಕೆ ಹೊಸದಲ್ಲ

ಕ್ರೈಸ್ತ ಸಂಸ್ಥೆಗಳು ಕೆಲಸವಿಲ್ಲದವರಿಗೆ ಕಸುಬು ಕಲಿಸಿದ್ದು ನಮ್ಮಲ್ಲಿ ಇನ್ನೂ ಹಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಮತಾಂತರದಿಂದ ಕುಲಕಸುಬು ಕಳೆದುಕೊಂಡವರಿಗೆ ಮಗ್ಗ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳನ್ನು ತೆರೆಯಿತು. ಜೆಪ್ಪುವಿನಲ್ಲಿ 1865ರಲ್ಲಿ ಆರಂಭವಾದ ಹೆಂಚಿನ ಕೆಲಸ ಕರಾವಳಿಯ ಮನೆಗಳ ಮಾಡನ್ನೇ ಬದಲಾಯಿಸಿತು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದವರು, 1850ರ ದಶಕದಲ್ಲಿ ಕೊಡಗಿಗೆ ಬಂದರು. ಅಮ್ಮತ್ತಿ ಬಳಿಯ ಆನಂದಪುರದಲ್ಲಿ, ಜೀತದಲ್ಲಿ ಬಾಳಿದ್ದ ಬಡ ಕುಟುಂಬಗಳ ನೆಲೆಯೊಂದು ಅವರ ಕಾಲದಲ್ಲಿ ಹುಟ್ಟಿತು.

ಅವರ ಉದ್ದೇಶದಲ್ಲಿ ಮತಪ್ರಚಾರವೂ ಸೇರಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ನಮಗೆ ಬೇಕಾದ ಪಾಠ ಬೇರೆ. ಕೈ ಕೆಲಸ ಕಲಿತರೆ ಮನುಷ್ಯ ನೆಟ್ಟಗೆ ನಿಲ್ಲುತ್ತಾನೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ನಮ್ಮವರು ಹೇಳಿದ್ದೂ ಇದನ್ನೇ. ನೀವು ಸೇವೆಗೆ ಆರಿಸಿಕೊಳ್ಳುವ ಜಾಗ ಚರ್ಚಿನದಾಗಿರಬಹುದು, ಮಠದ್ದಾಗಿರಬಹುದು, ಮಸೀದಿಯದಾಗಿರಬಹುದು, ಸರ್ಕಾರಿ ಆಸ್ಪತ್ರೆಯಾಗಿರಬಹುದು. ನಂಬಿಕೆಯ ಷರತ್ತು ಹಾಕದೆ ಕೆಲಸ ಕಲಿಸುವ ಜಾಗವಾದರೆ ಸರಿ.

ಸೇವೆಯಲ್ಲಿ ಕಲಿಯುವುದೇನು?

“ಸಂಬಳವಿಲ್ಲದೆ ದುಡಿದರೆ ಏನು ಬಂತು?” ಎಂಬುದು ಮನೆಯವರ ಮೊದಲ ಪ್ರಶ್ನೆ. ವಿಶೇಷ ಚೇತನ ಮಕ್ಕಳ ಶಾಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅಲ್ಲಿ ಹಿರಿಯ ಸಿಬ್ಬಂದಿಯ ಕೈಕೆಳಗೆ ಮೂರು ತಿಂಗಳು ದುಡಿದವನು ಇವಿಷ್ಟನ್ನು ಕಲಿಯಬಲ್ಲ.

ಮೊದಲನೆಯದು, ಫಿಟ್ಸ್ ಬಂದಾಗ ಮಾಡಬೇಕಾದದ್ದು. ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು. ಕುತ್ತಿಗೆಯ ಬಟ್ಟೆ ಸಡಿಲಿಸಬೇಕು, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಬೇಕು. ಗಡಿಯಾರ ನೋಡಬೇಕು. ಕೈಗೆ ಬೀಗದ ಕೈ, ಕಬ್ಬಿಣ ಕೊಡಬಾರದು. ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬಾರದು. ಐದು ನಿಮಿಷ ಮೀರಿದರೆ ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ ತಡಮಾಡದೆ ಆಸ್ಪತ್ರೆಗೆ. ಇದು ಓದುಗರೆಲ್ಲರೂ ಮನೆಯಲ್ಲಿ ನೆನಪಿಡಬೇಕಾದ ಮಾತು.

ಎರಡನೆಯದು, ಊಟ ಮಾಡಿಸುವ ಕ್ರಮ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಮಲಗಿಸಿ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ವಾಲದಂತೆ ನೋಡಿ, ಸಣ್ಣ ಸಣ್ಣ ತುತ್ತು ಕೊಡಬೇಕು. ನುಂಗಿದ್ದನ್ನು ನೋಡಿಯೇ ಮುಂದಿನ ತುತ್ತು. ಪಾರ್ಶ್ವವಾಯುವಾದ ಅಜ್ಜನಿಗೆ ಉಣಿಸುವಾಗಲೂ ಹೀಗೆಯೇ.

ಮೂರನೆಯದು, ಎತ್ತುವ ಕ್ರಮ. ಸೊಂಟ ಬಗ್ಗಿಸಿ ಎತ್ತಿದರೆ ನಿಮ್ಮ ಬೆನ್ನು ಹಾಳು. ಮಂಡಿ ಮಡಿಸಿ, ಬೆನ್ನು ನೇರವಿಟ್ಟು, ಭಾರವನ್ನು ಮೈಗೆ ಒತ್ತಿಕೊಂಡು ಏಳಬೇಕು.

ಇವು ಮೂರೇ ಅಲ್ಲ. ಐವತ್ತು ಜನರ ಅಡುಗೆಗೆ ಎಷ್ಟು ಅಕ್ಕಿ ಎಂಬ ಲೆಕ್ಕ, ದಾಸ್ತಾನು ಪುಸ್ತಕ ಬರೆಯುವುದು, ಕಂಪ್ಯೂಟರಿನಲ್ಲಿ ರಸೀದಿ ಮಾಡುವುದು, ಕೈತೋಟ, ಹೊಲಿಗೆ, ಪೋಷಕರೊಡನೆ ಸಮಾಧಾನದಿಂದ ಮಾತಾಡುವುದು ಎಲ್ಲವೂ ನಾಳೆ ಸಂಬಳ ತರಬಲ್ಲ ವಿದ್ಯೆಗಳೇ. ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರನ್ನು ನೋಡಿಕೊಳ್ಳುವವರಿಗೆ, ಫಿಸಿಯೋಥೆರಪಿ ಸಹಾಯಕರಿಗೆ ಇಂದು ಎಲ್ಲೆಡೆ ಬೇಡಿಕೆಯಿದೆ. ಎಲ್ಲಕ್ಕಿಂತ ದೊಡ್ಡ ಲಾಭ, ಬೆಳಿಗ್ಗೆ ಒಂಬತ್ತಕ್ಕೆ ಒಂದು ಮಗು ನಿಮ್ಮ ದಾರಿ ಕಾಯುತ್ತಿರುತ್ತದೆ. ಅಲಾರಂ ಎಬ್ಬಿಸದವನನ್ನು ಅದು ಎಬ್ಬಿಸುತ್ತದೆ.

ಅಧ್ಯಯನಗಳು ಹೇಳುವುದೇನು?

ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹತ್ತು ವರ್ಷಗಳ ಮಾಹಿತಿಯನ್ನು ಪರಿಶೀಲಿಸಿತು. ಕೆಲಸವಿಲ್ಲದವರಲ್ಲಿ ಸ್ವಯಂಸೇವೆ ಮಾಡಿದವರಿಗೆ ಮುಂದೆ ಉದ್ಯೋಗ ಸಿಗುವ ಸಂಭವ, ಮಾಡದವರಿಗಿಂತ ಶೇಕಡಾ 27ರಷ್ಟು ಹೆಚ್ಚಾಗಿತ್ತು. ಕಡಿಮೆ ಓದಿದವರಲ್ಲಿ ಮತ್ತು ಹಳ್ಳಿಗರಲ್ಲಿ ಈ ಲಾಭ ಇನ್ನೂ ಹೆಚ್ಚಾಗಿ ಕಂಡಿತು. ಸೇವೆಗೆ ಮುಂದಾಗುವವರು ಮೊದಲೇ ಚುರುಕಾದವರಾಗಿರಬಹುದು ಎಂಬ ಆಕ್ಷೇಪವೂ ಇದೆ. ಆದ್ದರಿಂದ ಇದನ್ನು ಗ್ಯಾರಂಟಿ ಎಂದು ತಿಳಿಯಬೇಡಿ.

ಅದೇ ವರ್ಷ ಕೆನಡಾದ ವ್ಯಾಂಕೂವರಿನಿಂದ ಇನ್ನೊಂದು ವರದಿ ಬಂತು. 106 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನವರನ್ನು ವಾರಕ್ಕೊಮ್ಮೆ ಚಿಕ್ಕ ಮಕ್ಕಳೊಡನೆ ಸೇವೆ ಮಾಡಲು ಕಳಿಸಿದರು. ಸುಮಾರು ಹತ್ತು ವಾರಗಳ ನಂತರ ಅವರ ರಕ್ತದಲ್ಲಿ ಕೊಲೆಸ್ಟರಾಲ್ ಮತ್ತು ಉರಿಯೂತ ಸೂಚಿಸುವ ಒಂದು ಅಂಶ ಇತರರಿಗಿಂತ ಕಡಿಮೆಯಾಗಿತ್ತು. ಸಣ್ಣ ಅಧ್ಯಯನ ನಿಜ. ಆದರೂ ಪರರ ಸೇವೆ ಮಾಡಿದವನ ರಕ್ತನಾಳಕ್ಕೂ ಅದರ ಸುದ್ದಿ ತಲುಪುತ್ತದೆ ಎಂಬುದು ಸಂತೋಷದ ವಿಷಯವಲ್ಲವೇ?

ಇವನ್ನು ಮರೆಯಬೇಡಿ

1. ವಾರಕ್ಕೆ ಎಂಟು ಹತ್ತು ಗಂಟೆಯಿಂದ ಆರಂಭಿಸಿ. ಉಳಿದ ಸಮಯ ಉದ್ಯೋಗ ಹುಡುಕಲು, ಪರೀಕ್ಷೆಗೆ ಓದಲು ಇರಲಿ. ಸೇವೆ ಉದ್ಯೋಗಕ್ಕೆ ಮೆಟ್ಟಿಲು. ಅದರ ಮೇಲೆಯೇ ಮಲಗಬಾರದು.

2. ಮೊದಲೇ ಮಾತಾಡಿಕೊಳ್ಳಿ. ಎಷ್ಟು ತಿಂಗಳು, ಯಾವ ಕೆಲಸ, ಕಲಿಸುವವರು ಯಾರು, ಬಸ್ ಖರ್ಚು ಮತ್ತು ಮಧ್ಯಾಹ್ನದ ಊಟ ಸಿಗುತ್ತದೆಯೇ, ಕೊನೆಗೆ ಅನುಭವ ಪತ್ರ ಕೊಡುತ್ತಾರೆಯೇ ಕೇಳಿ. ಕೂಲಿ ಕೊಟ್ಟು ಮಾಡಿಸಬೇಕಾದ ದುಡಿಮೆಯನ್ನು ‘ಸೇವೆ’ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಪುಕ್ಕಟೆ ಮಾಡಿಸುವ ಜಾಗದಿಂದ ಕೈಮುಗಿದು ಹೊರಬನ್ನಿ.

3. ರೋಗಿಗಳ ಶುಶ್ರೂಷೆ ಮಾಡುವವರು ಹೆಪಟೈಟಿಸ್-ಬಿ ಲಸಿಕೆಯ ಮೂರು ಡೋಸು ಮತ್ತು ಧನುರ್ವಾಯು ಚುಚ್ಚುಮದ್ದು ಆಗಿದೆಯೇ ನೋಡಿಕೊಳ್ಳಿ. ಪ್ರತಿ ರೋಗಿಯ ಮುಂಚೆ ಮತ್ತು ನಂತರ ಸೋಪಿನಿಂದ ಕೈ ತೊಳೆಯಿರಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಮೊದಲು ಕಫ ಪರೀಕ್ಷೆ ಮಾಡಿಸಿ.

4. ಮಕ್ಕಳಿರುವ ಸಂಸ್ಥೆ ನಿಮ್ಮ ಗುರುತಿನ ದಾಖಲೆ, ಹಿನ್ನೆಲೆ ಕೇಳಿದರೆ ಬೇಸರಿಸಬೇಡಿ. ಅದು ಒಳ್ಳೆಯ ಸಂಸ್ಥೆಯ ಲಕ್ಷಣ. ಮಕ್ಕಳ ಫೋಟೋ ತೆಗೆದು ಮೊಬೈಲಿನಲ್ಲಿ ಹಂಚಬೇಡಿ.

5. ಒಲವು ಯಾವುದರಲ್ಲಿದೆ ಎಂದು ತಿಳಿದ ಮೇಲೆ ಕ್ರಮಬದ್ಧ ತರಬೇತಿಗೆ ಹೋಗಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಕರಿಗೆ ಊಟ ವಸತಿಯೊಡನೆ ಉಚಿತವಾಗಿ ಸ್ವಉದ್ಯೋಗ ಕಲಿಸುತ್ತದೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ತರಬೇತಿ ಕೇಂದ್ರ ನಡೆಸುತ್ತಿವೆ.

ಮನೆಯವರಿಗೊಂದು ಮಾತು

‘ದಂಡಪಿಂಡ’, ‘ಕೂಳಿಗೆ ದಂಡ, ಭೂಮಿಗೆ ಭಾರ’. ಈ ಮಾತುಗಳಿಂದ ಯಾರಿಗೂ ನೌಕರಿ ಸಿಕ್ಕಿದ್ದಿಲ್ಲ. ಪಕ್ಕದ ಮನೆಯ ಹುಡುಗನ ಸಂಬಳವನ್ನು ಊಟದ ಹೊತ್ತಿನಲ್ಲಿ ಎತ್ತಬೇಡಿ. ಮಗ ಅಥವಾ ಮಗಳು ಸೇವೆಗೆ ಹೊರಟರೆ ‘ಪುಕ್ಕಟೆ ಚಾಕರಿ’ ಎನ್ನದೆ, “ಇವತ್ತು ಏನು ಕಲಿತೆ?” ಎಂದು ಕೇಳಿ. ಮಕ್ಕಳು ದೊಡ್ಡವರಾದ ಮೇಲೆ ಕೆಲಸ ಹುಡುಕುವ ಗೃಹಿಣಿಗೂ, ಐವತ್ತರ ಹೊತ್ತಿಗೆ ಕೆಲಸ ಕಳೆದುಕೊಂಡ ಯಜಮಾನನಿಗೂ ಇದೇ ಉತ್ತೇಜನ ಬೇಕು. ಐವತ್ತರ ಗಂಡಸು ಅಳುವುದಿಲ್ಲ, ಮೌನವಾಗುತ್ತಾನೆ. ಆ ಮೌನವನ್ನು ಕೋಪವೆಂದು ತಪ್ಪು ತಿಳಿಯಬೇಡಿ.

ಎಲ್ಲ ನಿರುದ್ಯೋಗಿಗಳಿಗೂ ಸೇವೆಯೊಂದೇ ಮದ್ದಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಹಸಿವು ಕೆಡುವುದು, ‘ನಾನು ಯಾರಿಗೂ ಬೇಡ’ ಎಂಬ ಮಾತು, ಸಾಯುವ ಯೋಚನೆ, ಬೆಳಿಗ್ಗೆಯೇ ಕುಡಿಯುವುದು ಇವು ಖಿನ್ನತೆಯ ಮತ್ತು ವ್ಯಸನದ ಲಕ್ಷಣಗಳು. ಇವಕ್ಕೆ ವೈದ್ಯರ ಚಿಕಿತ್ಸೆ ಬೇಕು. ಚಿಕಿತ್ಸೆಯಿಂದ ಗುಣವೂ ಆಗುತ್ತದೆ. ಸಾಯುವ ಮಾತಾಡಿದವರನ್ನು ಒಂಟಿಯಾಗಿ ಬಿಡಬೇಡಿ. ತೋಟದ ಮನೆಗಳಲ್ಲಿ ಕೀಟನಾಶಕದ ಡಬ್ಬಿಗೆ, ಕೋವಿಗೆ ಬೀಗ ಹಾಕಿ ಕೀಲಿಕೈ ಬೇರೆಯವರ ಬಳಿ ಇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಉಳಿದವರಿಗೆ ಈ ವಾರದ ಚೀಟಿ ಇಷ್ಟೇ: ಬೆಳಿಗ್ಗೆ ಆರೂವರೆಗೆ ಏಳುವುದು, ಅರ್ಧ ಗಂಟೆ ಬಿಸಿಲಲ್ಲಿ ನಡೆಯುವುದು, ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ಹತ್ತರ ನಂತರ ಮೊಬೈಲ್ ಬೇರೆ ಕೋಣೆಯಲ್ಲಿ. ಜೊತೆಗೆ ನಿಮ್ಮ ಊರಿನ ಒಂದು ಶಾಲೆಗೋ, ಆಸ್ಪತ್ರೆಗೋ, ವೃದ್ಧಾಶ್ರಮಕ್ಕೋ ಹೋಗಿ ಒಂದೇ ಪ್ರಶ್ನೆ ಕೇಳುವುದು: “ನನ್ನಿಂದ ಏನಾದರೂ ಆಗಬೇಕಾ?” ಆಗಬೇಕಾದದ್ದು ಅಲ್ಲಿ ಯಾವಾಗಲೂ ಇರುತ್ತದೆ. ಒಂದು ತಿಂಗಳು ಬಿಡದೆ ಮಾಡಿ ನೋಡಿ. ಹೊಟ್ಟೆ ಉರಿಯ ಮಾತ್ರೆ ಎಷ್ಟು ಬೇಕಾಯಿತೆಂದು ಆಮೇಲೆ ಲೆಕ್ಕ ಹಾಕಿ.